ಕಿರುಬೆರಳಿಗೆ ಜಾಗ

ಹೋದ ತಿಂಗಳು ಮೆಹದಿಪಟ್ಟಣಂನ ಒಂದು ಫಂಕ್ಷನ್ ಹಾಲಿನಲ್ಲಿ ಮದುವೆ ಇತ್ತು. ಹೈದರಾಬಾದಿನ ಮದುವೆ ಎಂದರೆ ರಾತ್ರಿ ಹನ್ನೊಂದಾದರೂ ಬಿರಿಯಾನಿಯ ವಾಸನೆ ಮಾತ್ರ ಬರುತ್ತದೆ, ಬಿರಿಯಾನಿ ಬರುವುದಿಲ್ಲ. ನಾನು, ನನ್ನ ಏಳು ವರ್ಷದ ಮೊಮ್ಮಗಳು ಒಂದು ಮೂಲೆಯಲ್ಲಿ ಕುರ್ಚಿ ಹಿಡಿದು ಕೂತಿದ್ದೆವು. ಅಷ್ಟರಲ್ಲಿ ಯಾರೋ ದೊಡ್ಡವರು ಬಂದರು, ಅವರ ಹಿಂದೆಯೇ ಗನ್‌ಮ್ಯಾನ್ ಬಂದ. ಬೂದಿ ಬಣ್ಣದ ಸಫಾರಿ, ಕತ್ತರಿಸಿದ ಮೀಸೆ. ಓಡುತ್ತಿದ್ದ ಹುಡುಗನ ಕೈಯಿಂದ ಚಮಚ ಬಿತ್ತು. ಗನ್‌ಮ್ಯಾನ್ ಒಳ್ಳೆಯ ಮನುಷ್ಯ, ಬಗ್ಗಿ ಎತ್ತಿಕೊಟ್ಟ. ಬಗ್ಗಿದಾಗ ಸಫಾರಿಯ ಬಟ್ಟೆ ಬೆನ್ನಿಗೆ ಬಿಗಿದು, ಬಲ ಸೊಂಟದ ಮೇಲೆ ಒಂದು ಮೂಲೆ ಎದ್ದು ನಿಂತಿತು. ಒಳಗೆ ಗೂಟ ಹೊಡೆದ ಹಾಗೆ.

"ಅಜ್ಜಾ, ಗನ್" ಎಂದಳು ಮೊಮ್ಮಗಳು, ಅರ್ಧ ಹಾಲಿಗೆ ಕೇಳುವಂತೆ.

ಅವಳಿಗೆ ಕಂಡದ್ದು ಪಿಸ್ತೂಲಿನ ನಳಿಗೆಯಲ್ಲ. ನಳಿಗೆ ಪ್ಯಾಂಟಿನೊಳಗೆ ತೊಡೆಯ ಗುಂಟ ಇಳಿದು ಸುಮ್ಮನೆ ಮಲಗಿತ್ತು. ಅವಳಿಗೆ ಕಂಡದ್ದು ಹಿಡಿ. ಈ ದಿನ ನಾನು ಮಾತಾಡಬೇಕೆಂದಿರುವುದೂ ಆ ಹಿಡಿಯ ಬಗ್ಗೆಯೇ.

ನಾನು ಸೇಡಂ ಕಡೆಯವನು. ಕರ್ನಾಟಕದ ಸಶಸ್ತ್ರ ಪೊಲೀಸಿನಲ್ಲಿ ಮೂವತ್ತು ವರ್ಷದ ಮೇಲೆ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಆಯುಧ ಹೊಡೆಯುವವನಲ್ಲ, ಹೊಡೆದು ತಂದದ್ದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಮುರಿದದ್ದನ್ನು ಸರಿಮಾಡಿ, ಆಯುಧಗಳ ಕೋಣೆಯಾದ ಕೋತ್‌ನಲ್ಲಿ ಎಣಿಸಿ ಇಡುವವನು. ಚಾಂದಮಾರಿ, ಅಂದರೆ ಗುಂಡಿನ ಅಭ್ಯಾಸ, ಮುಗಿದ ಮೇಲೆ ಹುಲ್ಲಿನಲ್ಲಿ ಟಾರ್ಚ್ ಹಿಡಿದು ಖಾಲಿ ಕೇಸ್ ಹುಡುಕುವವನೂ ಅವನೇ. ಐವತ್ತು ಹಾರಿಸಿದರೆ ಐವತ್ತೂ ಸಿಗಬೇಕು. ನಲವತ್ತೊಂಬತ್ತು ಸಿಕ್ಕರೆ ಆ ರಾತ್ರಿ ಊಟವಿಲ್ಲ. ನಿವೃತ್ತಿಯಾದ ಮೇಲೆ ಮಗಳ ಮನೆ ಎಂದು ಮೆಹದಿಪಟ್ಟಣಂಗೆ ಬಂದೆ. ದೂರದ ಊರು ಅನ್ನಿಸಲೇ ಇಲ್ಲ. 1956ರವರೆಗೆ ನಮ್ಮ ಸೇಡಂ, ಚಿಂಚೋಳಿ, ಕಲಬುರಗಿ ಎಲ್ಲಕ್ಕೂ ಹೈದರಾಬಾದೇ ರಾಜಧಾನಿ. ಈಗಲೂ ತಾಂಡೂರಿನ ಮೇಲೆ ಬರುವ ನಮ್ಮ ಕಡೆಯ ಬಸ್ಸು ಲಂಗರ್ ಹೌಸ್ ದಾಟಿ ಇಲ್ಲಿಗೇ ಬರುತ್ತದೆ. ರೈತು ಬಜಾರಿನ ಎದುರು ನಿಂತರೆ ದಿನಕ್ಕೆ ನಾಲ್ಕು ಸಲವಾದರೂ ಕನ್ನಡ ಕಿವಿಗೆ ಬೀಳುತ್ತದೆ, ಹೆಚ್ಚಾಗಿ ಚಿಲ್ಲರೆ ಜಗಳದಲ್ಲಿ.

ಮೆಹದಿ ನವಾಜ್ ಜಂಗ್ ಅವರ ಹೆಸರಿನ ಈ ಬಡಾವಣೆ ಮೊದಲಿನಿಂದಲೂ ಆಯುಧದ ನೆರೆಯಲ್ಲೇ ಇದೆ. ಒಂದು ಕಡೆ ದಂಡಿನ ಗೋಡೆ, ಆಚೆ ಗೋಲ್ಕೊಂಡದ ಬುಡದಲ್ಲಿ ತೋಪಿನ ಸಿಪಾಯಿಗಳನ್ನು ತಯಾರು ಮಾಡುವ ಆರ್ಟಿಲರಿ ಸೆಂಟರ್. ಇನ್ನೊಂದು ಕಡೆ ತಲೆಯ ಮೇಲಿನಿಂದ ಹಾದುಹೋಗುವ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಹಿಡಿದು ಹನ್ನೊಂದು ಚಿಲ್ಲರೆ ಕಿಲೋಮೀಟರ್ ಹೋದರೆ ಆರಾಂಘರ್. ಅಲ್ಲಿಂದ ಕೂಗಳತೆಯಲ್ಲಿ ಐಪಿಎಸ್ ಅಧಿಕಾರಿಗಳು ಕಲಿಯುವ ಸರ್ದಾರ್ ಪಟೇಲ್ ಪೊಲೀಸ್ ಅಕಾಡೆಮಿ. ಅಷ್ಟು ದೊಡ್ಡ ತೋಪುಗಳ ನೆರೆಯಲ್ಲಿ ಕೂತು ನಾನು ಅಂಗೈಯಗಲದ ಆಯುಧದ ಬಗ್ಗೆ ಹೇಳಹೊರಟಿದ್ದೇನೆ. ಅದೂ ಅದರ ಹಿಡಿಯ ಕೊನೆಯ ಒಂದು ಬೆರಳಗಲದ ಬಗ್ಗೆ.

ಮಾತು ಹುಟ್ಟಿದ್ದು ನಮ್ಮ ಅಣ್ಣನ ಮಗನಿಂದ. ಅವನು ಪೊಲೀಸಿನಲ್ಲಿದ್ದಾನೆ, ಇತ್ತೀಚೆಗೆ ಮಫ್ತಿ ಕೆಲಸಕ್ಕೆ ಹಾಕಿದ್ದಾರೆ. ಅವನ ಕೋತ್‌ನಲ್ಲಿ ಎರಡು ಅಳತೆಯ ಪಿಸ್ತೂಲುಗಳಿವೆಯಂತೆ. ಫೋನ್ ಮಾಡಿ ಕೇಳಿದ:

"ಕಾಕಾ, ನೀವೇ ಹೇಳ್ರಿ. ದೊಡ್ಡದು ತಗೋಬೇಕೋ, ಸಣ್ಣದು ತಗೋಬೇಕೋ?"

"ಮೊದಲ ನಿನ್ನ ಕೈ ತೋರ್ಸು" ಅಂದೆ.

"ಫೋನಿನಾಗ ಹ್ಯಾಂಗ್ ತೋರ್ಸ್ಲಿ?" ಎಂದು ನಕ್ಕ. ನಾನು ನಗಲಿಲ್ಲ. ಜೋಡು ಕೊಳ್ಳುವಾಗ ಕಾಲು ತೋರಿಸುತ್ತೇವೆ, ಬಳೆ ಕೊಳ್ಳುವಾಗ ಕೈ ತೋರಿಸುತ್ತೇವೆ. ಪಿಸ್ತೂಲಿಗೆ ಮಾತ್ರ ಯಾಕೋ ಎಲ್ಲರೂ ಹೆಸರು ಕೇಳುತ್ತಾರೆ.

ಅಳತೆ ಎಂದರೆ ಏನು ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಗ್ಲಾಕ್ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಆಸ್ಟ್ರಿಯಾದ ಮಾಲು. ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಸೊಂಟದಲ್ಲಿದೆ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು: 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿದ 17, 1988ರಲ್ಲಿ ಬಂದ 19, 1995ರಲ್ಲಿ ಬಂದ 26. ಮೂರೂ ತಿನ್ನುವುದು ಒಂದೇ 9 ಎಂಎಂ ತೋಟಾ. ಹಿರಿಯನ ನಳಿಗೆ 114 ಮಿಲಿಮೀಟರ್, ನಡುವಿನವನದು 102, ಕಿರಿಯನದು 87. ಹಿರಿಯನ ಹೊಟ್ಟೆಯಲ್ಲಿ 17 ಗುಂಡು, ನಡುವಿನವನಲ್ಲಿ 15, ಕಿರಿಯನಲ್ಲಿ 10. ಮೇಲಿನಿಂದ ಕೆಳಗಿನ ಎತ್ತರ ಸುಮಾರು 138, 127, 106. ದಪ್ಪ ಮಾತ್ರ ಮೂವರದ್ದೂ ಒಂದೇ. ಇದನ್ನು ಜನ ಗಮನಿಸುವುದಿಲ್ಲ. ಸಣ್ಣದು ತೆಳ್ಳಗಿರುತ್ತದೆ ಎಂದು ತಿಳಿದು ಕೊಳ್ಳುತ್ತಾರೆ. ಸಣ್ಣದು ಗಿಡ್ಡ, ಅಷ್ಟೇ.

ನಮ್ಮ ಕಾಲದ ಪಿಸ್ತೂಲು ಬೇರೆ. ಬಂಗಾಳದ ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ 9 ಎಂಎಂ 1ಎ. ಅದರ ಮೂಲಪುರುಷ ಬೆಲ್ಜಿಯಂನ 1935ರ ಬ್ರೌನಿಂಗ್ ಹೈಪವರ್. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಎಂಬ ಕಂಪನಿ ಅದನ್ನು ಮಾಡಿತು, ನಮ್ಮದು ಆ ಕೆನಡಾದ ಅಚ್ಚಿನ ಪಡಿಯಚ್ಚು. 13 ಗುಂಡು, ಪೂರಾ ಕಬ್ಬಿಣ, ಖಾಲಿಯಿದ್ದಾಗಲೇ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಅದಕ್ಕೆ ಒಂದು ಕೆಟ್ಟ ಚಾಳಿ. ಹೊಡೆದಾಗ ಹಿಂದಿನ ಕುದುರೆ ಬಂದು ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮವನ್ನು ಕಚ್ಚುತ್ತಿತ್ತು. ದಪ್ಪ ಕೈಯವರಿಗೆ ರಕ್ತವೇ ಬರುತ್ತಿತ್ತು. ಫೈರಿಂಗ್ ಮುಗಿಸಿ ಬಂದವರ ಕೈ ನೋಡಿ ಯಾರು ಹೇಗೆ ಹಿಡಿದಿದ್ದಾರೆ ಎಂದು ನಾನು ಹೇಳುತ್ತಿದ್ದೆ. ಹೊಡೆಯುವ ಭಾಗಕ್ಕೆ ನಮ್ಮ ಹಳಬರು ಕುದುರೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ, ಅದು ಒದೆಯುತ್ತದೆ, ಕಚ್ಚುತ್ತದೆ. ಹಿಂದಿಯಲ್ಲೂ ಅದು ಘೋಡಾನೇ. ಇಲ್ಲಿಯ ಗಲ್ಲಿಗಳಲ್ಲಂತೂ ಇಡೀ ಪಿಸ್ತೂಲಿಗೇ ಘೋಡಾ ಅನ್ನುತ್ತಾರೆ.

ಇಷ್ಟಿದ್ದರೂ ಆ ಹಳೆಯ ಕಬ್ಬಿಣದ ತುಂಡಿನಲ್ಲಿ ನಮ್ಮವರು ಚೆನ್ನಾಗಿ ಹೊಡೆಯುತ್ತಿದ್ದರು. ಯಾಕೆ ಎಂದರೆ ಅದರ ಹಿಡಿಯಲ್ಲಿ ಕಿರುಬೆರಳಿಗೆ ಜಾಗ ಇತ್ತು.

ರೇಡಿಯೊ ಕೇಳುತ್ತಿರುವವರು ಅಡಿಗೆಮನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಲಟ್ಟಣಿಗೆಯನ್ನು ಒಂದು ತುದಿಯಲ್ಲಿ ಮುಷ್ಟಿಯಾಗಿ ಹಿಡಿದು ನೆಟ್ಟಗೆ ನಿಲ್ಲಿಸಿ. ಇನ್ನೊಬ್ಬರಿಗೆ ಅದರ ಮೇಲಿನ ತುದಿಯನ್ನು ನಿಮ್ಮ ಕಡೆಗೆ ತಳ್ಳಲು ಹೇಳಿ. ತಡೆಯುತ್ತೀರಿ. ಈಗ ಕಿರುಬೆರಳು ಮಾತ್ರ ಎತ್ತಿ ಮತ್ತೆ ತಳ್ಳಿಸಿ. ಲಟ್ಟಣಿಗೆ ಹಿಂದಕ್ಕೆ ವಾಲುತ್ತದೆ. ನಮ್ಮ ಕಡೆ ಜೋಳ ಕೊಯ್ಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕುಡುಗೋಲಿನ ಹಿಡಿಯ ತುದಿಯಲ್ಲಿ ಕಿರುಬೆರಳು ಗಟ್ಟಿ ಕೂತಿಲ್ಲದಿದ್ದರೆ ಎರಡು ಸಾಲು ಕೊಯ್ಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ.

ಪಿಸ್ತೂಲಿನಲ್ಲಿ ಆಗುವುದೂ ಅದೇ. ಗುಂಡು ಹೋಗುವುದು ಹಿಡಿಗಿಂತ ಮೇಲಿನ ಮಟ್ಟದಲ್ಲಿ. ಆದ್ದರಿಂದ ಝಟಕಾ ಬರಿ ಹಿಂದಕ್ಕೆ ತಳ್ಳುವುದಿಲ್ಲ, ಮೂತಿಯನ್ನು ಮೇಲಕ್ಕೆತ್ತುತ್ತದೆ. ಮೂತಿ ಎದ್ದು, ಮತ್ತೆ ಇಳಿದು, ಗುರಿಯ ಮೇಲೆ ಕೂರುವ ತನಕ ಎರಡನೇ ಗುಂಡಿಲ್ಲ. ಹೊಡೆಯುವ ವೇಗ ಎಂದು ನಾವು ಕರೆಯುವುದು ಬೆರಳಿನ ವೇಗವಲ್ಲ. ಬೆರಳು ಯಾರದ್ದಾದರೂ ಓಡುತ್ತದೆ, ಮೊಬೈಲ್ ಒತ್ತುವ ಹುಡುಗರನ್ನು ನೋಡಿ. ಮೂತಿ ಎಷ್ಟು ಬೇಗ ವಾಪಸು ಬಂದು ಕೂರುತ್ತದೆ ಎನ್ನುವುದೇ ವೇಗ. ಅದನ್ನು ಕೆಳಗಿನಿಂದ ಹಿಡಿದೆಳೆಯುವ ಬೆರಳು ಕಿರುಬೆರಳು, ಅದರ ಜೊತೆಗಾರ ಉಂಗುರಬೆರಳು. ಕಿರಿಯ ಪಿಸ್ತೂಲಿನ ಹಿಡಿ ಉಂಗುರಬೆರಳಿಗೇ ಮುಗಿಯುತ್ತದೆ. ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ, ಇಲ್ಲವೇ ಮ್ಯಾಗಜೀನಿನ ತಳದ ಕೆಳಗೆ ಮಡಚಿ ಕೂರುತ್ತದೆ.

ಇದರ ಮೇಲೆ ತೂಕದ ಲೆಕ್ಕ. ಗುಂಡು ಅದೇ, ಮದ್ದು ಅದೇ, ಹಾಗಾದರೆ ಹಿಂದಕ್ಕೆ ಬರುವ ತಳ್ಳುವಿಕೆಯೂ ಹೆಚ್ಚು ಕಡಿಮೆ ಅಷ್ಟೇ. ಅದನ್ನು ಹೀರಿಕೊಳ್ಳಬೇಕಾದ ಲೋಹ ಮಾತ್ರ ಕಡಿಮೆ. ತುಂಬಿದ ಹಿರಿಯನ ತೂಕ ಸುಮಾರು 900 ಗ್ರಾಂ, ತುಂಬಿದ ಕಿರಿಯನದು ಸುಮಾರು 740. ಐದರಲ್ಲಿ ಒಂದು ಪಾಲಿನ ಹತ್ತಿರ ತೂಕ ಹೋಯಿತು ಎಂದರೆ ಕೈಗೆ ತಾಗುವ ಶಕ್ತಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಏರುತ್ತದೆ. ಕಡಿಮೆ ಬೆರಳು, ಹೆಚ್ಚು ಒದೆತ. ಸಣ್ಣ ಪಿಸ್ತೂಲು ನಾಜೂಕಾದ ಕೈಗೆ ಎಂದು ಅಂಗಡಿಯವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗಿಡ್ಡ ಸ್ಲೈಡಿಗೆ ಬಿಗಿ ಸ್ಪ್ರಿಂಗ್ ಹಾಕಬೇಕಾಗುತ್ತದೆ, ಅದನ್ನು ಹಿಂದಕ್ಕೆಳೆಯಲು ಇನ್ನೂ ಬಲ ಬೇಕು. ನಾಜೂಕಾದ ಕೈಗೆ ಕೊಡಬೇಕಾದದ್ದು ದೊಡ್ಡದನ್ನು.

ನಳಿಗೆಯ ಉದ್ದದಿಂದ ಗುರಿ ಚೆನ್ನಾಗುತ್ತದೆ ಎನ್ನುವ ಮಾತೂ ಇದೆ. ಇದೆ, ಆದರೆ ಜನ ತಿಳಿದಷ್ಟಲ್ಲ. ಗುರಿ ಹಿಡಿಯುವ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ ಹಿರಿಯನಲ್ಲಿ 165 ಮಿಲಿಮೀಟರ್, ಕಿರಿಯನಲ್ಲಿ ಸುಮಾರು 137. ಮುಂದಿನ ಸೈಟು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಹಿರಿಯನ ಗುಂಡು ಆರು ಸೆಂಟಿಮೀಟರ್ ತಪ್ಪುತ್ತದೆ, ಕಿರಿಯನದು ಏಳು ಚಿಲ್ಲರೆ. ನಡುವೆ ಇರುವುದು ಒಂದು ಕಿರುಬೆರಳಿನ ಅಗಲ. ಹತ್ತು ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಆರ್‌ಟಿಸಿ ಬಸ್ಸಿನ ಉದ್ದ. ಪಿಸ್ತೂಲಿನ ಕೆಲಸ ಅದಕ್ಕಿಂತ ದೂರ ಹೋಗುವುದು ಅಪರೂಪ. ಕೈ ಅಲುಗಿ ಆಗುವ ತಪ್ಪಿನ ಮುಂದೆ ನಳಿಗೆಯ ಈ ತಪ್ಪು ಏನೂ ಅಲ್ಲ.

ವೇಗವನ್ನೂ ಗುರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆಟ ಒಂದಿದೆ. ಐಪಿಎಸ್‌ಸಿ ಎಂದು ಅದರ ಸಂಸ್ಥೆಯ ಹೆಸರು, 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿತು. ಅಲ್ಲಿ ಸಿಕ್ಕ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಿಧಾನವಾಗಿ ಚೆನ್ನಾಗಿ ಹೊಡೆದವನೂ ಸೋಲಬಹುದು, ಬೇಗ ಕೆಟ್ಟದಾಗಿ ಹೊಡೆದವನೂ ಸೋಲಬಹುದು. ಆ ಆಟದಲ್ಲಿ ಸೊಂಟದಲ್ಲಿ ಬಚ್ಚಿಡುವ ಗೋಜಿಲ್ಲ, ಹಾಗಾಗಿ ಗೆಲ್ಲುವವರು ನಿಯಮ ಬಿಟ್ಟಷ್ಟೂ ದೊಡ್ಡ ಪಿಸ್ತೂಲನ್ನೇ ಹಿಡಿಯುತ್ತಾರೆ.

ಒಲಿಂಪಿಕ್ಸ್‌ನ ರ‍್ಯಾಪಿಡ್ ಫೈರ್ ನೋಡಿದವರಿಗೂ ಇದು ಗೊತ್ತು. ಐದು ಗುರಿ, ಐದು ಗುಂಡು, ಮೊದಲು ಎಂಟು ಸೆಕೆಂಡು, ಆಮೇಲೆ ಆರು, ಕೊನೆಗೆ ನಾಲ್ಕು. ಅದೂ ಕೈಯನ್ನು ಕೆಳಗಿಳಿಸಿದ ಸ್ಥಿತಿಯಿಂದ ಎತ್ತಿ. 2012ರಲ್ಲಿ ಲಂಡನ್ನಿನಲ್ಲಿ ನಮ್ಮ ಸೈನ್ಯದ ವಿಜಯ್ ಕುಮಾರ್ ಬೆಳ್ಳಿ ತಂದದ್ದು ಇದರಲ್ಲೇ. ಆ ಪಿಸ್ತೂಲಿನ ತೂಕಕ್ಕೆ ಮಿತಿ 1,400 ಗ್ರಾಂ, ತೋಟಾ ನೋಡಿದರೆ ಪುಟಾಣಿ .22. ಅಷ್ಟು ಪುಟ್ಟ ತೋಟಾಕ್ಕೆ ಅಷ್ಟು ಭಾರ! ಹಿಡಿಯಂತೂ ಮರದಲ್ಲಿ ಅವರವರ ಕೈಗೆ ಕೊರೆದದ್ದು, ಐದೂ ಬೆರಳಿಗೆ ಐದು ಮನೆ. ಇದೇ ಹೈದರಾಬಾದಿನ ಇಶಾ ಸಿಂಗ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಳು. ಅದರಲ್ಲಿ ಒಂದು ಹಂತ ಹೀಗಿದೆ: ಏಳು ಸೆಕೆಂಡು ಕೈ ಕೆಳಗೆ, ಮೂರು ಸೆಕೆಂಡಿನಲ್ಲಿ ಎತ್ತಿ ಒಂದು ಗುಂಡು, ಮತ್ತೆ ಕೆಳಗೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು. ಅಲ್ಲಿ ಅವಸರವಿಲ್ಲ, ಅಲ್ಲೂ ಹಿಡಿಯನ್ನು ಅರ ತೆಗೆದುಕೊಂಡು ಉಜ್ಜಿ ಉಜ್ಜಿ ಕೈಗೆ ಹೊಂದಿಸಿಕೊಳ್ಳುತ್ತಾರೆ.

ಇಷ್ಟು ಕೇಳಿ ನಮ್ಮ ಹುಡುಗ ಅಂದ: "ಅಂದ್ರ ದೊಡ್ಡದೇ ತಗೋತೀನಿ ಕಾಕಾ."

"ತಗೋ. ತಗೊಂಡು ಪಂಕ್ತಿಯಾಗ ಊಟಕ್ಕ ಕೂಡು" ಅಂದೆ.

ಹೊರುವ ಕಥೆ ಬೇರೆ. ಗೌರಿಬಿದನೂರಿನಿಂದ ಗಾಣಗಾಪುರದವರೆಗೆ ನಮ್ಮ ಜನರ ಬದುಕು ನೆಲದ ಮೇಲೆ. ಚಕ್ಕಂಬಕ್ಕಳ ಹಾಕಿ ಕೂತರೆ ಸೊಂಟದ ಪಿಸ್ತೂಲಿನ ಹಿಡಿ ಪಕ್ಕೆಗೆ ತಿವಿಯುತ್ತದೆ, ನಳಿಗೆ ತೊಡೆಗೆ ಒತ್ತುತ್ತದೆ. ಜೀಪಿನಲ್ಲಿ ಸೀಟ್ ಬೆಲ್ಟು ಅದರ ಮೇಲೇ ಬರುತ್ತದೆ. ಇನ್ನು ರೇಡಿಯೊದಲ್ಲಿ ಹೇಳಲು ಸಂಕೋಚವಾದರೂ ಹೇಳುತ್ತೇನೆ, ದೇಶಿ ಪಾಯಖಾನೆ. ಕುಕ್ಕರುಗಾಲಿನಲ್ಲಿ ಕೂತಾಗ ಪಿಸ್ತೂಲನ್ನು ಎಲ್ಲಿಡುವುದು? ತೆಗೆದು ಕಿಟಕಿಯ ಮೇಲಿಟ್ಟು ಮರೆತು ಬಂದ ಒಬ್ಬರನ್ನು ನಾನು ಬಲ್ಲೆ. ಐದು ನಿಮಿಷಕ್ಕೆ ನೆನಪಾಯಿತು, ಓಡಿದರು, ಇತ್ತು. ಆ ಐದು ನಿಮಿಷದಲ್ಲಿ ಅವರಿಗೆ ಬಂದ ಬೆವರು ಮೂರು ದಿನ ಆರಲಿಲ್ಲ. ಅಳತೆಪಟ್ಟಿಯ ಪುಸ್ತಕಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಬಿಸಿಲೊಂದು ಬೇರೆ. ಮೇ ತಿಂಗಳಲ್ಲಿ ಇಲ್ಲಿ ನಲವತ್ತೆರಡು ಡಿಗ್ರಿ ಮುಟ್ಟುತ್ತದೆ. ಪರದೇಶದಲ್ಲಿ ಜಾಕೆಟ್ಟಿನ ಒಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ಇಲ್ಲಿ ಜಾಕೆಟ್ ಹಾಕಿದವನನ್ನೇ ಜನ ತಿರುಗಿ ನೋಡುತ್ತಾರೆ. ಅದಕ್ಕೇ ಹುಟ್ಟಿದ್ದು ಗನ್‌ಮ್ಯಾನ್‌ನ ಸಫಾರಿ: ಒಳಗೆ ಇನ್‌ಶರ್ಟ್ ಇಲ್ಲ, ಅಂಚು ಸೊಂಟಕ್ಕಿಂತ ಗೇಣು ಕೆಳಗೆ, ಎರಡೂ ಪಕ್ಕದಲ್ಲಿ ಸೀಳು. ಪಿಸ್ತೂಲು ಕಾಣಬಾರದು ಎಂದು ಹೊಲಿಸಿದ ಉಡುಪು, ಈಗ ಆ ಉಡುಪನ್ನು ಕಂಡರೇ ಜನ ಪಿಸ್ತೂಲಿದೆ ಎನ್ನುತ್ತಾರೆ.

ನಮ್ಮ ಗಲ್ಲಿಯ ತುದಿಯಲ್ಲಿ ಒಬ್ಬ ದರ್ಜಿ ಮಾಸ್ಟರ್ ಇದ್ದಾನೆ. ವಯಸ್ಸು ಎಪ್ಪತ್ತರ ಹತ್ತಿರ, ಬಾಯಲ್ಲಿ ಗುಂಡುಸೂಜಿ. ಸಫಾರಿ ಹೊಲಿಯುವುದರಲ್ಲಿ ಹೆಸರಾದವನು. ಪೊಲೀಸಿನವರು ಬಂದರೆ ಅಳತೆಪಟ್ಟಿ ಕೊರಳಿಗೆ ಹಾಕಿಕೊಳ್ಳುವ ಮೊದಲೇ ಕೇಳುತ್ತಾನೆ: "ಸಾಬ್, ಘೋಡಾ ಕಿಧರ್ ಬೈಠತಾ?" ಕುದುರೆ ಎಲ್ಲಿ ಕೂರುತ್ತದೆ? ಬಲಕ್ಕೋ, ಎಡಕ್ಕೋ, ಬೆನ್ನಿಗೋ? ಅದು ಗೊತ್ತಾದ ಮೇಲೆ ಆ ಕಡೆಯ ಪಾಲನ್ನು ಮಾತ್ರ ಒಂದೂವರೆ ಇಂಚು ಸಡಿಲ ಕತ್ತರಿಸುತ್ತಾನೆ, ಒಳಗೆ ಇನ್ನೊಂದು ಪದರ ಕ್ಯಾನ್ವಾಸ್ ಕೊಡುತ್ತಾನೆ. ಗಿರಾಕಿ ಫಿಟಿಂಗ್ ಕೇಳಿದರೆ "ಟೈಟ್ ನಕ್ಕೋ ಸಾಬ್" ಎಂದು ಸೂಜಿ ಕಚ್ಚಿಕೊಂಡೇ ಬಯ್ಯುತ್ತಾನೆ. ನಾನು ಒಮ್ಮೆ ಕೇಳಿದೆ, ಉದ್ದ ಪಿಸ್ತೂಲಿಗೆ ಅಂಗಿ ಉದ್ದ ಮಾಡುತ್ತೀಯಾ ಎಂದು. ತಲೆ ಅಲ್ಲಾಡಿಸಿದ. ಉದ್ದದ್ದು ಪ್ಯಾಂಟು ನೋಡಿಕೊಳ್ಳುತ್ತದೆ, ನನಗೆ ತೊಂದರೆ ಕೊಡುವುದು ಹಿಂದಕ್ಕೆ ಚಾಚಿದ ಗೂಟ ಎಂದ. ಪಿಸ್ತೂಲು ಕೈಯಲ್ಲಿ ಹಿಡಿಯದ ಮನುಷ್ಯ, ಬಟ್ಟೆಯ ಕಡೆಯಿಂದ ಹೊರಟು ಅದೇ ಜಾಗಕ್ಕೆ ಬಂದು ನಿಂತಿದ್ದ.

ವಿಚಿತ್ರ ನೋಡಿ. ಕೈಗೆ ಯಾವ ಒಂದು ಬೆರಳಗಲ ಬೇಕೋ, ಬಟ್ಟೆಗೆ ಅದೇ ಒಂದು ಬೆರಳಗಲ ಬೇಡ. ಜನ ನಳಿಗೆ ಉದ್ದವೋ ಗಿಡ್ಡವೋ ಎಂದು ಅಂಗಡಿಯ ಗಾಜಿನ ಮುಂದೆ ನಿಂತು ವಾದ ಮಾಡುತ್ತಾರೆ. ವ್ಯಾಜ್ಯ ಇರುವುದು ಹಿಡಿಯ ತುದಿಯಲ್ಲಿ.

ಇದನ್ನು ದೊಡ್ಡ ಸೈನ್ಯಗಳೂ ಕಂಡುಕೊಂಡಿವೆ. 2017ರಲ್ಲಿ ಅಮೆರಿಕದ ಸೈನ್ಯ ಸಿಗ್ ಕಂಪನಿಯ ಪಿಸ್ತೂಲನ್ನು ಎರಡು ಅಳತೆಯಲ್ಲಿ ಆರಿಸಿತು, ಎಂ17 ಮತ್ತು ಎಂ18. ಎರಡನೆಯದು ಸಣ್ಣದು. ಆದರೆ ಏನು ಸಣ್ಣ? ನಳಿಗೆ 119 ಮಿಲಿಮೀಟರಿನಿಂದ 98ಕ್ಕೆ ಇಳಿಯಿತು. ಹಿಡಿಗೆ ಕತ್ತರಿ ಹಾಕಲಿಲ್ಲ, ಅದೇ 17 ಗುಂಡಿನ ಮ್ಯಾಗಜೀನು ಎರಡಕ್ಕೂ ಕೂರುತ್ತದೆ. ಅವರ ಮೆರೀನ್ ದಳದವರು ಆ ಗಿಡ್ಡದ್ದನ್ನೇ ಎಲ್ಲರಿಗೂ ಸಾಕು ಎಂದು ತೆಗೆದುಕೊಂಡರು. ಅದೇ ಸ್ಪರ್ಧೆಗೆ ಗ್ಲಾಕ್‌ನವರು ಕಳಿಸಿದ ಮಾದರಿಯೂ ಹಾಗೇ ಇತ್ತು: ಹಿರಿಯಣ್ಣನ ಹಿಡಿಯ ಮೇಲೆ ನಡುವಿನವನ ನಳಿಗೆ. ಸೋತರೂ ಅದನ್ನು ಬಿಡದೆ 2018ರಿಂದ 19ಎಕ್ಸ್ ಎಂದು ಮಾರಿದರು. ಸಮವಸ್ತ್ರದಲ್ಲಿ ಹೊರಗೆ ಕಟ್ಟಿಕೊಳ್ಳುವವರಿಗೆ ಇದು ಸರಿ. ಬಟ್ಟೆಯ ಒಳಗೆ ಹೊರುವವರಿಗೆ ಇದರ ತಿರುಗಾಮುರುಗಾ ಬೇಕು, ಉದ್ದ ನಳಿಗೆಗೆ ಗಿಡ್ಡ ಹಿಡಿ. ಅಂಥವೂ ಈಗ ಬಂದಿವೆ. ನೋಡಲು ಸೊಂಡಿಲಿದ್ದು ಕಾಲಿಲ್ಲದ ಆನೆಯಂತೆ ಇರುತ್ತವೆ ಎನ್ನುವುದು ನನ್ನ ಅಭಿಪ್ರಾಯ.

ಗಿಡ್ಡ ಹಿಡಿಯ ಇನ್ನೊಂದು ಉಪಟಳ ನನ್ನ ಅಂಗೈಯಲ್ಲೇ ಇದೆ. ಒಂದು ತರಬೇತಿಯಲ್ಲಿ ಅವಸರದಲ್ಲಿ ಮ್ಯಾಗಜೀನು ಬದಲಿಸಿ ತೋರಿಸಲು ಹೋದೆ. ಸಣ್ಣ ಪಿಸ್ತೂಲು, ಅಂಗೈಯ ಹಿಮ್ಮಡಿ ಹಿಡಿಯಿಂದ ಕೆಳಗೆ ಇಳಿದಿತ್ತು. ಎಡಗೈಯಿಂದ ಮ್ಯಾಗಜೀನು ಬಡಿದೆ. ಅದರ ತಳಕ್ಕೂ ಹಿಡಿಯ ಅಂಚಿಗೂ ನಡುವೆ ಬಲ ಅಂಗೈಯ ಚರ್ಮ ಸಿಕ್ಕಿ ಕಚ್ಚಿಕೊಂಡಿತು. ಇಪ್ಪತ್ತು ಜನ ಕಲಿಯುವವರ ಎದುರು ಕೂಗುವಂತಿಲ್ಲ. "ಹೀಗೆ ಆಗಬಾರದು, ಗಮನಿಸಿ" ಎಂದೆ. ಎಲ್ಲರೂ ಗಮನಿಸಿದರು. ಅದರ ಕಲೆ ಅರ್ಧಚಂದ್ರದಂತೆ ಈಗಲೂ ಇದೆ.

ಲೈಸೆನ್ಸ್ ಪಡೆದ ಸಾಮಾನ್ಯ ಜನರ ಕಥೆಗೆ ಹೆಚ್ಚು ಮಾತು ಬೇಕಿಲ್ಲ. ನಮ್ಮ ಕಾಯ್ದೆಯಲ್ಲಿ 9 ಎಂಎಂ ಅವರಿಗೆ ನಿಷಿದ್ಧ. ಸಿಗುವುದು ಹೆಚ್ಚಾಗಿ .32, ಅಂದರೆ ಕಾನ್ಪುರದ ರಿವಾಲ್ವರು, ಇಷಾಪುರದ ಅಶನಿ ಪಿಸ್ತೂಲು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, 2014ರ ಜನವರಿಯಲ್ಲಿ ಸರ್ಕಾರಿ ಕಾರ್ಖಾನೆಯವರು ಹೆಂಗಸರಿಗೆಂದೇ ನಿರ್ಭೀಕ್ ಎಂಬ ರಿವಾಲ್ವರು ತಂದರು. ಟೈಟೇನಿಯಂ ಬೆರಕೆಯ ಲೋಹ, ಅರ್ಧ ಕಿಲೋ ತೂಕ, ಪರ್ಸಿನಲ್ಲಿ ಹಿಡಿಯುತ್ತದೆ, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. ಹಗುರ ಎಂದು ಹೊಗಳಿದರು. ಹಗುರವಾದದ್ದು ಒದೆಯುತ್ತದೆ ಎಂದು ಯಾರೂ ಹೇಳಲಿಲ್ಲ. ಪರ್ಸಿನ ತಳದಲ್ಲಿ ಬಾಚಣಿಗೆ, ಕೀಲಿಕೈ, ಚಿಲ್ಲರೆಯ ಕೆಳಗೆ ಕೈ ಹಾಕಿ ಹುಡುಕುವಾಗ ಎಷ್ಟು ಸೆಕೆಂಡು ಹೋಗುತ್ತದೆ ಎಂದು ಆ ವಿನ್ಯಾಸ ಮಾಡಿದವರು ತಮ್ಮ ಮನೆಯವರ ಪರ್ಸಿನಲ್ಲಿ ಒಮ್ಮೆ ನೋಡಬಹುದಿತ್ತು.

2016ರ ಆಯುಧ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಪೂರ್ತಿ ಮುಚ್ಚಿ, ತನ್ನ ಹಿಡಿತದಲ್ಲಿ ಒಯ್ಯಬೇಕು ಎನ್ನುತ್ತವೆ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ಕೊಡಗಿನವರು ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಮೂತಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆ ದಿನ ನಳಿಗೆಯ ಬಾಯಲ್ಲಿ ಹೂವು. ಉತ್ತರದ ಬರಾತುಗಳಿಗೆ ಈ ಪದ್ಧತಿ ಕಲಿಸಿದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಒಂದು ಭಾನುವಾರ ಚಾಂದಮಾರಿಯಲ್ಲಿ ಎರಡನ್ನೂ ಹಿಡಿದು ನೋಡಿದ. ಟೈಮರಿನ ಬೀಪ್ ಕೇಳಿ ಹೋಲ್‌ಸ್ಟರಿನಿಂದ ತೆಗೆದು, ಏಳು ಮೀಟರಿನಲ್ಲಿ ಆರು ಗುಂಡು. ಆಮೇಲೆ ಫೋನ್ ಮಾಡಿದ. ಮೊದಲನೇ ಗುಂಡು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಯಿತಂತೆ. ಎರಡನೆಯದು, ಮೂರನೆಯದು ಸಣ್ಣದರಲ್ಲಿ ಕಣ್ಣು ಮಿಟುಕಿಸುವಷ್ಟು ಹಿಂದೆ ಬಿದ್ದವು. ನಾಲ್ಕನೇ ಗುಂಡಿನ ಹೊತ್ತಿಗೆ ಕೈ ಹಿಡಿಯ ಮೇಲೆ ಜಾರಿತ್ತು, ಆರನೆಯದು ಹಾಳೆಯ ಅಂಚಿಗೆ ಹೋಯಿತು.

"ಮೊದಲಿನ ಎರಡು ಗುಂಡಿನಾಗ ಏನೂ ಗೊತ್ತಾಗಲಿಲ್ಲ ಕಾಕಾ. ಸಣ್ಣದರ ಬಣ್ಣ ಆಮ್ಯಾಲ ಬಯಲಾತು" ಎಂದ.

ನನಗೆ ಸಮಾಧಾನವಾಯಿತು. ಮೂರು ಗುಂಡು ಹೊಡೆದು ಪಿಸ್ತೂಲು ಆರಿಸುವವರೇ ಹೆಚ್ಚು. ಕೊನೆಗೆ ಅವನು ಆರಿಸಿದ್ದು ಅವೆರಡರಲ್ಲಿ ದೊಡ್ಡದನ್ನು, ಅಂದರೆ ಅಣ್ಣತಮ್ಮಂದಿರಲ್ಲಿ ನಡುವಿನವನ ಅಳತೆಯದ್ದನ್ನೇ, ಹದಿನೈದು ಗುಂಡಿನದು. ಅವನ ಕೈಗೆ ಅದರ ಹಿಡಿಯಲ್ಲಿ ಕಿರುಬೆರಳು ಕೂರುತ್ತದೆ, ಕೂತು ಒಂದು ನೂಲಿನಷ್ಟು ಜಾಗವೂ ಉಳಿಯುವುದಿಲ್ಲ. ಅವನಿಗಿಂತ ಕೈ ದೊಡ್ಡದಿರುವ ಅವನ ಜೊತೆಗಾರನಿಗೆ ಅದೇ ಪಿಸ್ತೂಲು ಸಣ್ಣದು.

ಹೋದ ವಾರ ಯಾರದೋ ಬಂದೋಬಸ್ತಿಗೆ ಹೈದರಾಬಾದಿಗೆ ಬಂದಿದ್ದ. ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಗೆ ಬಂದು ಬಾಗಿಲಲ್ಲೇ ನಿಂತ. ನಮ್ಮ ಮಾಸ್ಟರ್ ಹೊಲಿದ ನೀಲಿ ಅಂಗಿ ಹಾಕಿದ್ದ, ಬಲಪಾಲು ಒಂದೂವರೆ ಇಂಚು ಸಡಿಲ. ಮೊಮ್ಮಗಳನ್ನು ಕರೆದು, ಮಾಮನ ಹತ್ತಿರ ಏನಿದೆ ಹೇಳು ಎಂದೆ. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಅವನು ಅವಳ ಮುಂದೆ ಬಗ್ಗಿ ಕೆನ್ನೆ ಹಿಂಡಿದ.

"ಚಾಕ್ಲೇಟ್" ಎಂದಳು.

ಒಳಗಿನಿಂದ ಮಗಳು ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದಳು. ಅವನು ಅದನ್ನು ಎಡಗೈಯಲ್ಲೇ ಇಸಿದುಕೊಂಡ. ಕಿರುಬೆರಳು ಲೋಟದ ತಳಕ್ಕೆ ಮಡಚಿ ಕೂತಿತ್ತು.